ಬ್ರೇಕಿನ ಮೇಲೆ ಅತ್ತೆಯವರ ಪಾದ

ನಮ್ಮ ಕಾರಿನ ಬ್ರೇಕು ಹಾಳಾಗಿದೆ ಎಂದು ಮೊದಲು ಕಂಡುಹಿಡಿದದ್ದು ನಾನಲ್ಲ, ನಮ್ಮ ಬೀದಿಯ ನಾಯಿಗಳು. ನಾನು ತಿರುವಿನಲ್ಲಿ ಬ್ರೇಕ್ ಒತ್ತಿದರೆ ಸಾಕು, ಕೀಂಯ್ ಎಂಬ ಆ ನಾದಕ್ಕೆ ಅವೆಲ್ಲ ಎದ್ದು ನಿಂತು ಊಳಿಡುತ್ತಿದ್ದವು. ನಾಯಿಗಳ ಸ್ವಾಗತಗೀತೆ ಕೇಳಿ ನನ್ನ ಹೆಂಡತಿ ಒಳಗೆ ಕಾಫಿಗೆ ನೀರಿಡುತ್ತಿದ್ದಳು. ಇಷ್ಟು ಉಪಯೋಗಕ್ಕೆ ಬರುವ ಶಬ್ದವನ್ನು ದುಡ್ಡು ಕೊಟ್ಟು ನಿಲ್ಲಿಸುವುದೇಕೆ ಎಂದು ನಾನು ಎರಡು ತಿಂಗಳು ಸುಮ್ಮನಿದ್ದೆ. ಮೂರನೆಯ ತಿಂಗಳು ಕೀಂಯ್ ಹೋಗಿ ಕರಕರ ಬಂತು, ಯಾರೋ ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ. ಗ್ಯಾರೇಜಿಗೆ ಹೋದೆ.

ಗ್ಯಾರೇಜಿನ ಯಜಮಾನನಿಗೆ ನಾವು ಇಟ್ಟಿರುವ ಹೆಸರು ‘ಆಗೋಯ್ತಣ್ಣ’. ಕಾರಿನ ಯಾವ ಭಾಗ ತೋರಿಸಿದರೂ ಅವನ ಬಾಯಿಂದ ಮೊದಲು ಬರುವ ಮಾತು ಅದೇ. ಚಕ್ರದ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದ.

“ಆಗೋಯ್ತು ಸಾರ್.”

“ಏನು ಆಗೋಯ್ತು?”

“ಮುಂದಿನ ಚಕ್ರದ ಬ್ರೇಕ್ ಪ್ಯಾಡ್ ಎರಡೂ ಕಡೆ ಆಗೋಯ್ತು. ಬ್ರೇಕ್ ಆಯಿಲ್ಲಂತೂ ಯಾವತ್ತೋ ಆಗೋಯ್ತು.”

ಒಂದು ಚೀಟಿಯ ಮೇಲೆ ಮೊತ್ತ ಬರೆದು ಕೊಟ್ಟ. ಹನ್ನೆರಡು ಸಾವಿರದ ನಾನೂರು. ಅದನ್ನು ಓದಿ, ನಾನೂ ಆಗೋದೆ.

ಅಲ್ಲಿಂದ ನೇರವಾಗಿ ಬಿಡಿಭಾಗಗಳ ಅಂಗಡಿಗೆ ಹೋಗಿ ವಿಚಾರಿಸಿದೆ. ಪ್ಯಾಡು ಎರಡು ಸಾವಿರದ ಆರುನೂರು, ಆಯಿಲ್ ನಾನೂರು. ಒಟ್ಟು ಮೂರು ಸಾವಿರ. ಅಂದರೆ ಉಳಿದ ಒಂಬತ್ತು ಸಾವಿರದ ನಾನೂರು ಆಗೋಯ್ತಣ್ಣನ ಎರಡು ಕೈಗಳ ಬೆಲೆ. ನನಗೂ ಎರಡು ಕೈಗಳಿವೆ. ಅದೂ ಎಂಥ ಕೈಗಳು! ನಾನು ಕನ್ನಡಕದ ಅಂಗಡಿ ಇಟ್ಟುಕೊಂಡವನು. ಸಾಸಿವೆ ಕಾಳಿಗಿಂತ ಚಿಕ್ಕ ಸ್ಕ್ರೂಗಳನ್ನು ಇಪ್ಪತ್ತು ವರ್ಷದಿಂದ ಬಿಚ್ಚಿ ಹಾಕುತ್ತಿದ್ದೇನೆ. ಅದರ ಮುಂದೆ ಕಾರಿನ ಬೋಲ್ಟು ಯಾವ ಮಹಾ, ಕಣ್ಣು ಮುಚ್ಚಿಕೊಂಡರೂ ಕಾಣುವಷ್ಟು ದಪ್ಪ. ಭಾನುವಾರ ಮನೆಯಂಗಳದಲ್ಲಿಯೇ ಈ ಮಹಾಕಾರ್ಯ ನೆರವೇರಿಸುವುದೆಂದು ತೀರ್ಮಾನಿಸಿ, ಎರಡನ್ನೂ ಕೊಂಡು ತಂದು, ಉತ್ಸಾಹದಲ್ಲಿ ಪ್ಯಾಡಿನ ಡಬ್ಬಿಯನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ.

ನನ್ನ ಹೆಂಡತಿ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಯಾವುದನ್ನೂ ಲೆಕ್ಕ ಹಾಕದೆ ಒಪ್ಪುವವಳಲ್ಲ.

“ರೀ, ಬ್ರೇಕು ಕನ್ನಡಕ ಅಲ್ಲ. ಕನ್ನಡಕ ಸರಿಯಾಗದಿದ್ರೆ ಗಿರಾಕಿ ವಾಪಸ್ ಬರ್ತಾನೆ. ಬ್ರೇಕ್ ಸರಿಯಾಗದಿದ್ರೆ ಯಾರೂ ವಾಪಸ್ ಬರಲ್ಲ.”

“ಒಂಬತ್ತು ಸಾವಿರ ಉಳಿಯುತ್ತೆ ಕಣೇ.”

“ಯಾರಿಗೆ ಉಳಿಯುತ್ತೆ? ನಾವು ಉಳಿದ್ರೆ ತಾನೇ. ಸೋಮವಾರ ಬೆಳಿಗ್ಗೆ ಏಳೂವರೆಗೆ ನನಗೆ ಬೇರೆ ಶಾಲೇಲಿ ಪರೀಕ್ಷೆ ಡ್ಯೂಟಿ. ಆ ಕಡೆಗೆ ಬಸ್ಸಿಲ್ಲ. ನೆನಪಿಟ್ಕೊಳ್ಳಿ.”

ಈ ಸಂಭಾಷಣೆ ನಡೆಯುವಾಗ ನಮ್ಮ ಅತ್ತೆಯವರೂ ಅಲ್ಲೇ ಕುಳಿತಿದ್ದರು. ಅವರು ಮಗಳ ಕಡೆ ತಿರುಗಿ, “ನಿನ್ನ ಗಂಡನಿಗೆ ಹೇಳು, ಜಾಕು ಗಟ್ಟಿ ನೆಲದ ಮೇಲೆ ಇಡಬೇಕು ಅಂತ” ಎಂದರು. ನಾನು ಅವರಿಂದ ಒಂದು ಮೊಳ ದೂರದಲ್ಲಿದ್ದೆ.

ಅತ್ತೆಯವರು ಮೂರು ವರ್ಷದಿಂದ ನಮ್ಮ ಜೊತೆಯಲ್ಲಿದ್ದಾರೆ. ಮೂರು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ತಪ್ಪು ನನ್ನದೇ. ಅವರು ಬಂದ ಹೊಸದರಲ್ಲಿ ಕಣ್ಣು ಪರೀಕ್ಷಿಸಲು ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಬೋರ್ಡಿನ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಪಟಪಟನೆ ಹೇಳಿಬಿಟ್ಟರು. ಆ ವಯಸ್ಸಿಗೆ ಅಂಥ ದೃಷ್ಟಿಯೇ ಎಂದು ಅನುಮಾನ ಬಂದು ಬೋರ್ಡ್ ಬದಲಿಸಿದೆ. ಹೊಸ ಬೋರ್ಡಿನಲ್ಲಿಯೂ ಅವರು ಹಳೆಯ ಅಕ್ಷರಗಳನ್ನೇ ಓದಿದರು. (ಸರದಿಗೆ ಕಾಯುತ್ತಾ, ಬೇರೆಯವರು ಓದುವುದನ್ನು ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು.) ನಾನು ನಾಲ್ಕು ಗಿರಾಕಿಗಳ ಎದುರಿಗೆ, “ಏನತ್ತೆ, ಕಾಪಿ ಹೊಡೀತಿದ್ದೀರಾ” ಎಂದುಬಿಟ್ಟೆ. ಎಲ್ಲರೂ ನಕ್ಕರು. ಅತ್ತೆ ಎದ್ದು ಹೊರಟರು. ಅಂದಿನಿಂದ ನಮ್ಮಿಬ್ಬರ ನಡುವಿನ ಸಕಲ ವ್ಯವಹಾರವೂ ನನ್ನ ಹೆಂಡತಿಯ ಮೂಲಕವೇ.

ಭಾನುವಾರ ಬಂತು. ಚಕ್ರದ ನಟ್ಟಿಗೆ ಸ್ಪ್ಯಾನರ್ ಸಿಕ್ಕಿಸಿ ಎಳೆದೆ. ಅದು ಅಲ್ಲಾಡಲಿಲ್ಲ. ನಾನು ಅಲ್ಲಾಡಿದೆ. ಕೊನೆಗೆ ಸ್ಪ್ಯಾನರಿನ ಮೇಲೆ ಹತ್ತಿ ನಿಂತು ಕುಣಿದಾಗ ‘ಟಕ್’ ಎಂದಿತು. (ನಟ್ಟೋ ಸೊಂಟವೋ ಎಂದು ಒಂದು ಕ್ಷಣ ತಿಳಿಯಲಿಲ್ಲ.) ಜಾಕ್ ಏರಿಸಿದ ಮೇಲೆ ಚಕ್ರ ಹೊರಗೆ ಬಂತು, ಹಳೆಯ ಪ್ಯಾಡುಗಳೂ ಬಂದವು, ಉಗುರಿನಷ್ಟು ತೆಳ್ಳಗೆ ಸವೆದಿದ್ದವು. ಹೊಸ ಪ್ಯಾಡು ಮಾತ್ರ ಒಳಗೆ ಹೋಗಲೊಲ್ಲದು. ಹಿಂದುಗಡೆ ರಬ್ಬರಿನ ಪುಟ್ಟ ಟೋಪಿ ಹಾಕಿಕೊಂಡ ಒಂದು ನಟ್ಟು ಕಾಣಿಸಿತು. ಅದನ್ನು ಸ್ವಲ್ಪ ಸಡಿಲಿಸಿದೆ. ಆಯಿಲ್ ಜಿನುಗಿತು, ಪ್ಯಾಡು ಸಲೀಸಾಗಿ ಕುಳಿತಿತು, ನಟ್ಟನ್ನು ಮತ್ತೆ ಬಿಗಿದೆ. ಇಂಥ ಗುಟ್ಟನ್ನು ಇಷ್ಟು ಬೇಗ ಕಂಡುಹಿಡಿದೆನಲ್ಲ ಎಂಬ ಹೆಮ್ಮೆಯಲ್ಲಿ ಇನ್ನೊಂದು ಚಕ್ರಕ್ಕೂ ಹಾಗೆಯೇ ಮಾಡಿದೆ. ಮೂರು ಗಂಟೆಯಲ್ಲಿ ಕೆಲಸ ಮುಗಿಯಿತು. ಹೆಂಡತಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು, ಸೀಟಿನಲ್ಲಿ ಕುಳಿತು ಪೆಡಲ್ ಒತ್ತಿದೆ.

ಪೆಡಲ್ ಬೆಣ್ಣೆಯಲ್ಲಿ ಕಾಲಿಟ್ಟ ಹಾಗೆ ನೆಲದವರೆಗೂ ಹೋಯಿತು. ಇದ್ದ ಅಲ್ಪಸ್ವಲ್ಪ ಬ್ರೇಕೂ ಇಲ್ಲ.

ಮಾನ ಬಿಟ್ಟು ಆಗೋಯ್ತಣ್ಣನಿಗೆ ಫೋನ್ ಮಾಡಿದೆ. ಅವನು ಬಹಳ ಹೊತ್ತು ನಕ್ಕ.

“ಆ ನಟ್ಟು ಬಿಚ್ಚಿದ್ರಾ? ಗಾಳಿ ಸೇರ್ಕೊಂಡಿದೆ ಸಾರ್. ತೆಗೀಬೇಕು. ಒಬ್ಬರು ಪೆಡಲ್ ಒತ್ತಿ ಹಿಡೀಬೇಕು, ಆಗ ಇನ್ನೊಬ್ಬರು ಆ ನಟ್ಟು ಸಡಿಲ ಮಾಡಿ, ಗಾಳಿ ಬಂದಮೇಲೆ ಬಿಗೀಬೇಕು. ಬಿಗಿಯೋಕೆ ಮುಂಚೆ ಪೆಡಲ್ ಬಿಟ್ರೆ ಎಲ್ಲಾ ವಾಪಸ್ ಒಳಗೆ. ಬಾನೆಟ್ ಕೆಳಗಿರೋ ಡಬ್ಬೀಲಿ ಆಯಿಲ್ ಗೆರೆಗಿಂತ ಕೆಳಗೆ ಇಳೀಬಾರದು, ನೋಡಿ ತುಂಬಿಸೋಕೆ ಇನ್ನೊಬ್ಬರು. ಇಲ್ಲಾ ನಾಳೆ ಹತ್ತು ಗಂಟೆಗೆ ಗ್ಯಾರೇಜಿಗೆ ತನ್ನಿ.”

“ಬ್ರೇಕಿಲ್ಲದೆ ಹೇಗಪ್ಪಾ ತರೋದು?”

“ತಳ್ಕೊಂಡು ಬನ್ನಿ.”

ಬೇಕಾದವರು ಮೂರು ಜನ. ಮನೆಯಲ್ಲಿ ಇರುವವರೂ ಮೂರೇ ಜನ. ಡಬ್ಬಿಯ ಗೆರೆ ನೋಡಲು ಕಣ್ಣು ಚೆನ್ನಾಗಿರಬೇಕು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಆಯಿಲ್ ಬಾಟಲಿ ಹೆಂಡತಿಯ ಕೈಗೆ ಬಂತು. ಅತ್ತೆಯವರು ಚಪ್ಪಲಿ ಜಾರುತ್ತದೆಂದು ಮಗಳ ಕ್ಯಾನ್ವಾಸ್ ಶೂ ಹಾಕಿಕೊಂಡು, ಎಪ್ಪತ್ತನೆಯ ವಯಸ್ಸಿನಲ್ಲಿ ಜೀವಮಾನದಲ್ಲೇ ಮೊದಲ ಸಲ ಡ್ರೈವರ್ ಸೀಟಿನಲ್ಲಿ ವಿರಾಜಮಾನರಾದರು. ನಾನು ಚಕ್ರದ ಪಕ್ಕ ನೆಲದಲ್ಲಿ ಮಲಗಿದೆ.

“ಒತ್ತೋದಕ್ಕೆ ಹೇಳು” ಎಂದೆ.

“ಅಮ್ಮಾ, ಒತ್ತಬೇಕಂತೆ.”

“ಒತ್ತಿದೀನಿ ಅಂತ ಹೇಳು.”

“ಒತ್ತಿದ್ದಾರಂತೆ ರೀ.”

ನಟ್ಟು ಸಡಿಲಿಸಿದೆ. ಗುಳುಗುಳು ಗುಳ್ಳೆ ಬಂತು. “ಇನ್ನೂ ಬಿಡಬಾರದು ಅಂತ ಹೇಳು.”

“ಅಮ್ಮಾ, ಬಿಡ...” ಎನ್ನುವಷ್ಟರಲ್ಲಿ, ಆ ಎರಡಕ್ಷರ ಕೇಳಿದ ಅತ್ತೆ ಬಿಟ್ಟೇಬಿಟ್ಟರು. ಹೊರಗೆ ಬಂದ ಗಾಳಿಯೆಲ್ಲ ಸರ್ರನೆ ಒಳಗೆ ಹೋಯಿತು.

ಹೀಗೆ ಏಳು ಸಲ ಆಯಿತು. ನನ್ನ ಮಾತು ಹೆಂಡತಿಯನ್ನು ಹಾದು ಅತ್ತೆಯವರನ್ನು ತಲುಪಿ, ಅವರ ಉತ್ತರ ಅದೇ ದಾರಿಯಲ್ಲಿ ನನ್ನವರೆಗೆ ಬರುವಷ್ಟರಲ್ಲಿ ಒಂದು ಕಾಗದ ಅಂಚೆಯಲ್ಲಿ ಹೋಗಿ ಬರಬಹುದಿತ್ತು. ಎಂಟನೆಯ ಸಲಕ್ಕೆ ಹೆಂಡತಿ ಬಾಟಲಿಯನ್ನು ಕೆಳಗಿಟ್ಟಳು.

“ನಾನೇನು ಟೆಲಿಫೋನ್ ತಂತಿನಾ? ಆಯಿಲ್ ತುಂಬಿದೆ. ಇನ್ನು ನೀವುಂಟು, ಅವರುಂಟು. ನಾಳೆ ನಾನು ಡ್ಯೂಟಿಗೆ ಹೋಗೋದು ಇಬ್ಬರಿಗೂ ಬೇಕಾಗಿದ್ರೆ ಮಾತಾಡಿ.” ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಐದು ನಿಮಿಷ ನಾನು ಆಕಾಶ ನೋಡಿದೆ. ಸೀಟಿನಿಂದ ಒಂದು ನಿಟ್ಟುಸಿರು ಕೇಳಿಸಿತು. ಕಡೆಗೆ ನಾನು ಚಕ್ರವನ್ನು ಉದ್ದೇಶಿಸಿ, “ಈಗ ಯಾರಾದ್ರೂ ಪೆಡಲ್ ಒತ್ತಿದ್ರೆ ಚೆನ್ನಾಗಿರುತ್ತೆ” ಎಂದೆ.

ಅತ್ತೆಯವರು ಸ್ಟೀರಿಂಗಿಗೆ ಹೇಳಿದರು, “ಒತ್ತಿ ಆಯ್ತು.”

ಆತುರದಲ್ಲಿ ನಟ್ಟನ್ನು ಅಗತ್ಯಕ್ಕಿಂತ ಜಾಸ್ತಿ ತಿರುಗಿಸಿದೆ. ಆಯಿಲ್ ಪಿಚಕಾರಿಯ ಹಾಗೆ ನನ್ನ ಮುಖಕ್ಕೇ ಹಾರಿತು.

“ಬಿಡಬೇಡಿ ಅತ್ತೆ, ಬಿಡಬೇಡಿ!”

“ಬಿಟ್ಟಿಲ್ಲ, ಹಿಡ್ಕೊಂಡೇ ಇದ್ದೀನಿ. ಏನಾಯ್ತು? ಕಣ್ಣಿಗೆ ಬಿತ್ತಾ?”

“ಕಣ್ಣಿಗಿಲ್ಲ. ಕನ್ನಡಕದ ಮೇಲೆ. ಏನೂ ಕಾಣ್ತಿಲ್ಲ ನನಗೆ.”

ಅತ್ತೆ ಮೆಲ್ಲಗೆ, “ಹಾಗೇ ಇರುತ್ತೆ ಅಳಿಯಂದ್ರೆ” ಎಂದರು.

ನಾನು ನಟ್ಟನ್ನು ತಡಕುತ್ತಿದ್ದೆ. ಕೈ ನಿಂತಿತು.

“ಅವತ್ತು ದಪ್ಪ ಕನ್ನಡಕ ಬರೆದುಬಿಡ್ತೀರಿ ಅಂತ ಭಯ ಆಯ್ತು. ಆಮೇಲೆ ಒಬ್ಬಳೇ ರಸ್ತೆ ದಾಟೋಕೆ ಬಿಡಲ್ಲ ನೀವಿಬ್ಬರೂ. ಅದಕ್ಕೆ ಬಾಯಿಪಾಠ ಮಾಡಿದೆ. ತಪ್ಪೇ ಅದು. ಆದ್ರೆ ಅಷ್ಟು ಜನರ ಮುಂದೆ ಹೇಳಬಾರದಿತ್ತು.”

“ಹೇಳಬಾರದಿತ್ತು ಅತ್ತೆ. ನನ್ನ ಬಾಯಿ ಆವತ್ತು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಲಿಲ್ಲ. ಕ್ಷಮಿಸಿಬಿಡಿ.”

“ಅದೆಲ್ಲ ಇರಲಿ. ನಟ್ಟು ಸಿಕ್ತಾ? ನನ್ನ ಕಾಲು ನಡುಗ್ತಿದೆ.”

ಸಿಕ್ಕಿತು. ಬೆರಳಿನ ಅಂದಾಜಿನಲ್ಲೇ ಬಿಗಿದೆ. ಕನ್ನಡಕ ತೊಳೆದು ಬಂದೆ. ಆಮೇಲೆ ನೋಡಬೇಕಿತ್ತು ನಮ್ಮನ್ನು. ಒತ್ತಿ ಅತ್ತೆ, ಒತ್ತಿದೆ, ಹಿಡೀರಿ, ಹಿಡಿದೆ, ಬಿಡಿ, ಬಿಟ್ಟೆ! ಹದಿನೈದು ನಿಮಿಷದಲ್ಲಿ ಎರಡೂ ಚಕ್ರಗಳ ಗಾಳಿ ಹೊರಬಂತು. ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. ಅತ್ತೆಯವರು ಸೀಟಿನಲ್ಲೇ ಚಪ್ಪಾಳೆ ತಟ್ಟಿದರು. ಬಾಗಿಲು ತೆರೆದು ಬಂದ ಹೆಂಡತಿ ನಮ್ಮಿಬ್ಬರನ್ನೂ ನೋಡಿ ಕಾಫಿ ತಂದುಕೊಟ್ಟಳು. ಸಂಜೆ ಖಾಲಿ ಮೈದಾನದಲ್ಲಿ ಇಪ್ಪತ್ತು ಸಲ ಓಡಿಸಿ ನಿಲ್ಲಿಸಿ ಪರೀಕ್ಷೆ ಮಾಡಿದೆವು. ಸೋಮವಾರ ಏಳೂಕಾಲಿಗೆ ಅವಳನ್ನು ಶಾಲೆಯ ಗೇಟಿನ ಮುಂದೆ ಇಳಿಸಿದೆ. ಅದೇ ದಿನ ಅತ್ತೆಯವರ ಕಣ್ಣನ್ನು, ಅಂಗಡಿಯ ಬಾಗಿಲು ಹಾಕಿಕೊಂಡು, ಪ್ರಾಮಾಣಿಕವಾಗಿ ಪರೀಕ್ಷಿಸಿ, ಒಳ್ಳೆಯ ಕನ್ನಡಕ ಮಾಡಿಕೊಟ್ಟೆ. ರಸ್ತೆ ಒಬ್ಬರೇ ದಾಟುವುದಕ್ಕೆ ನಮ್ಮ ಅಡ್ಡಿಯಿಲ್ಲವೆಂದೂ ಒಪ್ಪಿಕೊಂಡೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಒಂಬತ್ತು ಸಾವಿರ ಉಳಿಸಿದ ವೀರನಾಗಿ ಉಳಿಯುತ್ತಿದ್ದೆ. ಆದರೆ ಅತ್ತೆಯವರಿಗೆ ಮೂರು ವರ್ಷದ ಮಾತು ಬಾಕಿಯಿತ್ತು, ಮನೆಯಲ್ಲಿ ಫೋನೂ ಇತ್ತು. ಅಳಿಯಂದಿರ ಕೈಚಳಕ ಬಂಧುಬಳಗಕ್ಕೆಲ್ಲ ತಲುಪಿತು. ಶುಕ್ರವಾರ ಸಂಜೆ ಅವರ ತಮ್ಮ, ಅಂದರೆ ನನ್ನ ಹೆಂಡತಿಯ ಸೋದರಮಾವ, ತಮ್ಮ ದೊಡ್ಡ ಕಾರನ್ನು ನಮ್ಮ ಅಂಗಳದಲ್ಲಿ ತಂದು ನಿಲ್ಲಿಸಿದರು.

“ಬ್ರೇಕ್ ಸ್ವಲ್ಪ ಕರಕರ ಅಂತಿದೆ. ನೀವಿದ್ದೀರಲ್ಲ, ಗ್ಯಾರೇಜ್ ಯಾಕೆ ಅಂತ ಅಕ್ಕ ಹೇಳಿದಳು” ಎಂದು ಸಾಮಾನಿಗೆಂದು ಮೂರು ಸಾವಿರ ಕೊಟ್ಟರು. ಕೂಲಿ ಕೊಟ್ಟರೆ ನಾನು ನೊಂದುಕೊಳ್ಳುತ್ತೇನೆಂದು ಕೊಡಲಿಲ್ಲ.

ಮೂರು ವರ್ಷದ ಮೇಲೆ ಮಾತಾಡಿದ ಅತ್ತೆಗೆ ಇಲ್ಲ ಎನ್ನುವುದು ಹೇಗೆ? ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕಾರಿನ ಬ್ರೇಕು ನಮ್ಮ ಹಣೆಬರಹ. ಇನ್ನೊಬ್ಬರ ಮಕ್ಕಳುಮರಿ ಕೂರುವ ಕಾರಿಗೆ ಕೈ ಹಾಕುವ ಧೈರ್ಯ ನನಗಿರಲಿಲ್ಲ. ಶನಿವಾರ ಬೆಳಿಗ್ಗೆ, ಪ್ಯಾಡ್ ತರುತ್ತೇನೆಂದು ಹೇಳಿ ಅದೇ ಕಾರಿನಲ್ಲಿ ನಿಧಾನವಾಗಿ ಆಗೋಯ್ತಣ್ಣನ ಗ್ಯಾರೇಜಿಗೆ ಹೋದೆ. ದೊಡ್ಡ ಕಾರು, ದೊಡ್ಡ ಬಿಲ್ಲು: ಹದಿನಾಲ್ಕು ಸಾವಿರ. ತುಟಿಪಿಟಕ್ಕೆನ್ನದೆ ಕೊಟ್ಟೆ. ಅವನ ಡಬ್ಬಿಯಿಂದಲೇ ಒಂದಿಷ್ಟು ಗ್ರೀಸ್ ತೆಗೆದು ಎರಡೂ ಕೈಗೆ ಬಳಿದುಕೊಂಡು ಮನೆಗೆ ಬಂದೆ.

“ಬಿಡಿಭಾಗದ ಅಂಗಡಿ ಹಿಂದೆ ಜಾಗ ಇತ್ತು. ಅಲ್ಲೇ ಮುಗಿಸಿಬಿಟ್ಟೆ” ಎಂದೆ.

ಅತ್ತೆಯವರು ಅಂಗಳದಲ್ಲಿ ನಿಂತಿದ್ದರು. ಕಾಲಲ್ಲಿ ತಮ್ಮ ಅಳತೆಗೇ ಕೊಂಡ ಹೊಸ ಕ್ಯಾನ್ವಾಸ್ ಶೂ. ಕಾರಿನೊಳಗೆ ಕುಳಿತು ಪೆಡಲ್ ಒತ್ತಿ ನೋಡಿ, ಚೆನ್ನಾಗಿದೆ ಎಂದರು. ಸೋದರಮಾವನವರು ಬಂದು, ನನ್ನ ಬೆನ್ನು ತಟ್ಟಿ, ಕಾರು ತೆಗೆದುಕೊಂಡು ಹೋದರು. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅತ್ತೆ ಮಡಿಸಿದ ಕಾಗದವೊಂದನ್ನು ನನ್ನ ಕೈಗಿಟ್ಟರು. ಗ್ಯಾರೇಜಿನ ಬಿಲ್ಲು.

“ಸೀಟಿನ ಕೆಳಗೆ ಬಿದ್ದಿತ್ತು. ಕನ್ನಡಕ ಬಹಳ ಚೆನ್ನಾಗಿ ಮಾಡಿದ್ದೀರಿ ಅಳಿಯಂದ್ರೆ, ಕೆಳಗಿನ ಸಣ್ಣ ಅಕ್ಷರ ಕೂಡ ಕಾಣುತ್ತೆ.”

ನಾನು ಗ್ರೀಸು ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ. “ತಪ್ಪಾಯ್ತು ಅತ್ತೆ. ಹೆದರಿಕೆ ಆಯ್ತು.”

“ತಮ್ಮನಿಗೆ ಹೇಳಲ್ಲ, ಬಿಡಿ. ದುಡ್ಡು ಹೋಗಿದ್ದು ನಿಮ್ಮದು, ಅದರ ವಿಚಾರ ನನಗೆ ಬೇಡ. ಆದ್ರೆ ಆರು ಗಂಟೆಗೇ ಎದ್ದು ಶೂ ಹಾಕ್ಕೊಂಡು ಕಾಯ್ತಿದ್ದೆ ನಾನು. ನನ್ನ ಬಿಟ್ಟು ಹೋದ್ರಲ್ಲ, ಅದು ಸರಿಯಾ?”

“ಸರಿಯಲ್ಲ” ಎಂದೆ.

“ಹಾಗಾದ್ರೆ ಮುಂದಿನ ಭಾನುವಾರ ಎಲ್ಲಿಗೂ ಹೋಗಬೇಡಿ. ನನ್ನ ತಂಗಿಗೆ ಕಾರು ತರೋದಕ್ಕೆ ಹೇಳಿದ್ದೀನಿ. ಇಬ್ಬರೂ ಸೇರಿ ಮನೇಲೇ ಮಾಡೋಣ.”

ನಾನು ಸಮಾಧಾನದ ಉಸಿರು ಬಿಟ್ಟೆ. ಗಾಳಿ ತೆಗೆಯುವುದು ಈಗ ನಮ್ಮಿಬ್ಬರಿಗೂ ಚೆನ್ನಾಗಿ ಬರುತ್ತದೆ, ಮೂರು ಸಾವಿರದೊಳಗೆ ಮುಗಿಯುತ್ತದೆ. “ಆಗಲಿ ಅತ್ತೆ. ಬ್ರೇಕ್ ಪೂರ್ತಿ ಸವೆದಿದೆಯಂತಾ?”

“ಛೆ, ಬ್ರೇಕ್ ಹೊಸದು. ಅವಳ ಕಾರಿನ ಇಂಜಿನ್ ಕೆಳಗಿಳಿಸಿ ರಿಪೇರಿ ಮಾಡಬೇಕಂತೆ, ಅಷ್ಟೆ” ಎಂದು ಅತ್ತೆ ಶೂ ದಾರ ಬಿಗಿಯಾಗಿ ಕಟ್ಟಿಕೊಂಡರು.