ನೂಲು ಬೇರು ಬಿಟ್ಟ ಪ್ರಸಂಗ

ಇನ್ನು ಮೇಲೆ ನನ್ನ ಬಾಯಿಂದ ‘ಗುಡ್’, ‘ನೈಸ್’ ಎಂಬ ಚಿಲ್ಲರೆ ಇಂಗ್ಲಿಷ್ ಉದುರಕೂಡದು ಎಂದು ಘೋರ ಪ್ರತಿಜ್ಞೆ ಮಾಡಿದೆ! ದಿನಾ ಹಲ್ಲುಜ್ಜುತ್ತಾ ಮೊಬೈಲಿನಿಂದ ಒಂದೊಂದು ಭಾರೀ ಪದ ನುಂಗಿದೆ. ಅರ್ಥ? ಅದನ್ನು ಓದುವವರು ದಡ್ಡರು. ಪದದ ಮುಖ ನೋಡಿದರೆ ಸಾಕು, ಅರ್ಥ ತಾನೇ ಹೊಳೆಯುತ್ತದೆ ಎಂಬುದು ನನ್ನ ಸಿದ್ಧಾಂತ.

ನನ್ನ ಹೆಂಡತಿ ಪರದೆ ಹೊಲಿಯುವವಳು. ಅವಳ ಕೈ ಸೋಕಿದರೆ ಎಂಥ ಮೊಂಡು ಬಟ್ಟೆಯೂ ನೀರಿನಂತೆ ಇಳಿಬೀಳುತ್ತದೆ. ಅಂದು ಅವಳ ಕೆಲಸ ನೋಡಲು ದೊಡ್ಡ ಹೋಟೆಲಿನ ಮ್ಯಾನೇಜರಮ್ಮ ಬಂದಿದ್ದರು. ಇಡೀ ಹೋಟೆಲಿನ ಕಿಟಕಿಗಳ ಆರ್ಡರ್! ಸಿಕ್ಕರೆ ಸ್ವಂತ ಅಂಗಡಿ ತೆರೆಯಬೇಕೆಂಬ ಅವಳ ಕನಸು ನನಸಾದಂತೆಯೇ.

“ನೀವು ಒಳಗೇ ಇರಿ, ಮಾತು ನಾನು ಆಡ್ತೀನಿ” ಎಂದಿದ್ದಳು. ಬಿಟ್ಟೇನೇ? ಹಿಂಬಾಗಿಲಿಂದ ಹೊರಬಿದ್ದು, ಮನೆ ಸುತ್ತು ಹಾಕಿ ಮುಂಬಾಗಿಲಿನಿಂದ ಬಂದೆ. ರಾಜನ ಪ್ರವೇಶವೆಂದರೆ ಹಾಗಿರಬೇಕು!

ಮ್ಯಾನೇಜರಮ್ಮ ಪರದೆಯ ಅಂಚು ಸವರುತ್ತಿದ್ದರು. ನಾನು ಎದೆಯುಬ್ಬಿಸಿ, “ಥ್ರೆಡ್‌ಬೇರ್, ಮೇಡಂ! ಇವರ ಕೆಲಸವೆಲ್ಲ ಥ್ರೆಡ್‌ಬೇರ್!” ಎಂದೆ. ಥ್ರೆಡ್ ಎಂದರೆ ನೂಲು. ಅದೂ ಬೇರು ಬಿಟ್ಟ ನೂಲು! ಹೆಮ್ಮರದಷ್ಟು ಗಟ್ಟಿ ತಾನೇ?

ಅವರು ಹಾವು ಮುಟ್ಟಿದವರಂತೆ ಪರದೆ ಬಿಟ್ಟರು. “ಸವೆದು ಜಾಳಾಗಿದೆ ಅಂತೀರಾ? ಹೊಸ ಬಟ್ಟೆ ಅಲ್ವಾ ಇದು? ಹೋಗಲಿ, ಹೇಳಿದ ದಿನಕ್ಕೆ ಡಿಲಿವರಿ ಆದ್ರೂ ಕೊಡ್ತಾರಾ?”

ಏನೋ ಎಡವಟ್ಟಾಗಿದೆ. ತೇಪೆ ಹಾಕಬೇಕು. ಡಿಲಿವರಿಗಿಂತ ಒಂದು ಕೈ ಮೇಲಾದ ಪದ ನನ್ನ ನಾಲಗೆಯ ತುದಿಯಲ್ಲೇ ಇತ್ತಲ್ಲ! “ಡಿಲಟರಿ, ಮೇಡಂ! ಯಾವಾಗಲೂ ಡಿಲಟರಿ!”

“ಯಾವಾಗಲೂ ತಡಾನಾ!” ಅವರು ಕೈಚೀಲ ಎತ್ತಿಕೊಂಡು ಎದ್ದೇಬಿಟ್ಟರು. ಹೆಂಡತಿಯ ಕಡೆ ತಿರುಗಿ, “ಯಾರಮ್ಮಾ ಇವರು, ನಿಮ್ಮನ್ನ ಇಷ್ಟು ಜರೀತಿರೋರು?” ಎಂದರು.

ನನ್ನಾಕೆ ರೆಪ್ಪೆ ಬಡಿಯಲಿಲ್ಲ. “ಎದುರುಮನೆಯವರು, ಮೇಡಂ. ಅವರದೂ ಪರದೆ ವ್ಯಾಪಾರ. ನನ್ನ ಹೊಲಿಗೆ ಕಂಡ್ರೆ ಹೊಟ್ಟೆಉರಿ!”

ಭಲೇ! ನನ್ನ ಮಹಾಪದಗಳು ಕೆಡವಿದ್ದನ್ನೆಲ್ಲ ಅವಳು ಒಂದೇ ಒಂದು ‘ಹೊಟ್ಟೆಉರಿ’ಯಿಂದ ಎತ್ತಿ ನಿಲ್ಲಿಸಿದಳು! ಮ್ಯಾನೇಜರಮ್ಮ ಪರದೆಯನ್ನು ಬೆಳಕಿಗೆ ಹಿಡಿದರು, ಹೊಲಿಗೆ ಜಗ್ಗಿದರು, ಒಮ್ಮೆ ನನ್ನನ್ನು ಕೆಕ್ಕರಿಸಿ ನೋಡಿದರು. “ಹೊಟ್ಟೆ ಉರ್ಕೊಳ್ಳೋರು ಇದ್ದಾರೆ ಅಂದ್ರೆ ಕೆಲಸ ಗಟ್ಟಿ ಅಂತಾನೇ ಲೆಕ್ಕ. ಆರ್ಡರ್ ನಿಮಗೇ ಕಣಮ್ಮಾ!”

ನಾನು ಹಲ್ಲು ಕಿರಿಯುತ್ತಾ ಕುರ್ಚಿ ಎಳೆದುಕೊಂಡೆ.

“ಇನ್ನೂ ಇಲ್ಲೇ ಯಾಕಿದ್ದೀರಿ, ಸ್ವಾಮಿ?” ಹೆಂಡತಿ ಬಾಗಿಲು ತೋರಿಸಿದಳು. “ನಿಮ್ಮ ಮನೆಗೆ ಹೊರಡಿ!”

ಹೊರಟೆ. ರಸ್ತೆ ದಾಟಿ ಎದುರುಮನೆಯ ಮೆಟ್ಟಿಲು ಹತ್ತಿದೆ. ಅಲ್ಲಿ ಪೇಪರ್ ಓದುತ್ತಾ ಕೂತಿದ್ದ ಮನೆಯ ಯಜಮಾನರು ಕಣ್ಣರಳಿಸಿದರು. “ಏನ್ರೀ, ಇಲ್ಲಿ?”

“ಸ್ವಲ್ಪ ಜರುಗ್ರೀ” ಎಂದೆ. “ಆ ಮೇಡಂ ಹೋಗೋ ತನಕ ನಾನೇ ನೀವು!”