ಎಡಗಡೆಯ ಸ್ಪೀಕರು

ಆ ಭಾನುವಾರ ಬೆಳಿಗ್ಗೆ ಪೈಮಿನನ ಸ್ಟೀರಿಯೋದ ಎಡಗಡೆಯ ಸ್ಪೀಕರು ಮತ್ತೊಮ್ಮೆ ‘ಕರ್ರ್... ಟಿಕ್’ ಎಂದು ಮೂಕವಾಯಿತು. ಮರುಕ್ಷಣವೇ, ಮೇಜಿನ ಮೇಲೆ ನಿದ್ದೆಹೋಗಿ ಸಿಕ್ಕಿಬಿದ್ದ ಗುಮಾಸ್ತನಂತೆ, ಏನೂ ಆಗಿಲ್ಲವೆಂಬ ಠೀವಿಯಿಂದ ಹಾಡತೊಡಗಿತು. ತಿಂಗಳುಗಳಿಂದ ಇದೇ ಪಾಡು.

ಅದು ಮನುಷ್ಯರಿಗಾಗಿ ಹಾಡುವ ಸ್ಟೀರಿಯೋ ಆಗಿರಲಿಲ್ಲ. ಸೋಲೋ ಪಟ್ಟಣದ ಆ ಓಣಿಯ ಹಕ್ಕಿಪ್ರಿಯರೆಲ್ಲರಂತೆ ಪೈಮಿನನೂ ಪಂಜರಕ್ಕೆ ಬಟ್ಟೆ ಹೊದಿಸಿ, ಬಹುಮಾನ ಗೆದ್ದ ಹಕ್ಕಿಗಳ ದನಿಯನ್ನು ಪಕ್ಕದಲ್ಲೇ ದಿನವಿಡೀ ನುಡಿಸಿ, ತನ್ನ ಶಾಮ ಹಕ್ಕಿಗೆ ಪಾಠ ಹೇಳಿಸುತ್ತಿದ್ದ. ಸಂಜೆಗೆ ಓಣಿಯ ತುದಿಯ ಬಯಲಿನಲ್ಲಿ ಹಕ್ಕಿಹಾಡಿನ ಸ್ಪರ್ಧೆಯಿತ್ತು.

“ಇವತ್ತೂ ಬಹುಮಾನ ಬರ್ಲಿಲ್ಲ ಅಂದ್ರೆ ಪಂಜರ ನಮ್ಮಣ್ಣನ ಮನೆಗೆ, ಜಗಲೀಲಿ ನನ್ನ ಹೊಲಿಗೆ ಮಷೀನು. ತಿಳೀತಾ?” ಎಂದಳು ಹೆಂಡತಿ ಸುಲಸ್ತ್ರಿ.

ಪೈಮಿನ ಓಡಿಹೋಗಿ, ಮದುವೆಮನೆಗಳಿಗೆ ಮೈಕು ಕಟ್ಟುವ ತುಗಿಯೋನನ್ನು ಕರೆತಂದ. ತುಗಿಯೋ ತಂತಿ ಬದಲಿಸಿ, ತಿರುಪು ಬಿಗಿದು, ಗಂಭೀರವಾಗಿ ಹೇಳಿದ: “ಈಗ ಸರಿಹೋಯ್ತು. ಕೆಟ್ಟ ಸದ್ದು ಕಲಿತ ಹಕ್ಕೀನ ತೀರ್ಪುಗಾರ್ರು ಅಲ್ಲೇ ಆಚೆ ಹಾಕ್ತಾರೆ ಮಾರಾಯಾ. ಹೋದ್ಸಲ ಒಂದು ಬೆಕ್ಕಿನ ಥರ ಕೂಗಿ ಹೋಯ್ತಲ್ಲ!”

ಅವನು ಗೇಟು ದಾಟುವಷ್ಟರಲ್ಲಿ, ‘ಕರ್ರ್... ಟಿಕ್.’

ತುಗಿಯೋ ಹಿಂದಿರುಗಿ ಕಿವಿಗೊಟ್ಟ. ಶುದ್ಧ ಸಂಗೀತ! ಹೊರಟ. ‘ಕರ್ರ್... ಟಿಕ್.’

“ಜನ ಬಂದ್ರೆ ಬಾಯಿ ಮುಚ್ಕೊಳತ್ತೆ, ಹೋದ್ರೆ ಶುರು. ಇದೇನು ಸ್ಪೀಕರೋ, ನಮ್ಮತ್ತೆಯೋ?” ಎಂದು ಅವನು ತಲೆ ತುರಿಸಿಕೊಂಡ.

ಸುದ್ದಿ ಹರಡಿತು. ಓಣಿಯ ಮುಖಂಡ ಕಾಸಿರಾನ್ ಆಗಮಿಸಿ, “ನೆಲದ ತೇವ!” ಎಂದು ತೀರ್ಪಿತ್ತು ಸ್ಟೀರಿಯೋವನ್ನು ಇಟ್ಟಿಗೆಗಳ ಮೇಲೇರಿಸಿದ. ಎದುರುಮನೆಯ ತುಮಿನಿಯಮ್ಮ, “ತೇವನೂ ಇಲ್ಲ, ಗೀವನೂ ಇಲ್ಲ. ಎಲ್ರೂ ಒಟ್ಟಿಗೆ ಅನ್ನಕ್ಕಿಟ್ರೆ ಕರೆಂಟ್ ಎಲ್ಲಿಂದ ಬರುತ್ತೆ?” ಎಂದು ಮನೆಮನೆಗೆ ನುಗ್ಗಿ ಅನ್ನದ ಕುಕ್ಕರುಗಳನ್ನು ಆರಿಸಿದಳು. ಮಧ್ಯಾಹ್ನದ ಹೊತ್ತಿಗೆ ಇಡೀ ಓಣಿ ಅರೆಬೆಂದ ಅಕ್ಕಿಯನ್ನು ಅಗಿಯುತ್ತ ಪೈಮಿನನ ವಂಶವನ್ನು ಸ್ಮರಿಸುತ್ತಿತ್ತು. ‘ಕರ್ರ್... ಟಿಕ್’ ಮಾತ್ರ, ಜನ ಚದುರಿದೊಡನೆ, ಮತ್ತೆ ಕೇಳುತ್ತಿತ್ತು.

ಸ್ಪರ್ಧೆಗೆ ಹೊರಡುವ ಹೊತ್ತಾಯಿತು. ಒಬ್ಬನೇ ಉಳಿದ ಪೈಮಿನ ರೋಷದಿಂದ ಪ್ಲಗ್ಗನ್ನೇ ಕಿತ್ತೆಸೆದ.

‘ಕರ್ರ್... ಟಿಕ್.’

ಅವನು ಮೆಲ್ಲನೆ ಪಂಜರದ ಬಟ್ಟೆ ಸರಿಸಿದ. ಶಾಮ ಹಕ್ಕಿ ಎದೆಯುಬ್ಬಿಸಿ, ಬಾಲ ಕುಣಿಸಿ, ತಿಂಗಳುಗಟ್ಟಲೆ ಶ್ರದ್ಧೆಯಿಂದ ಕಲಿತ ಪಾಠವನ್ನು ಒಪ್ಪಿಸುತ್ತಿತ್ತು. ಸ್ಪೀಕರು ಬೆಳಿಗ್ಗೆಯೇ, ತುಗಿಯೋನ ಕೈಯಲ್ಲೇ, ಸರಿಹೋಗಿತ್ತು.

“ಅಪ್ಪಾ, ಇನ್ನೊಂದು ತಾಸು ಅದೊಂದನ್ನ ಮರೆತ್ಬಿಡೋ. ಮಿಡತೆ ಕೊಡ್ತೀನಿ!” ಎಂದು ಬೇಡಿಕೊಂಡು, ಪಂಜರವನ್ನೆತ್ತಿ ಬಯಲಿಗೆ ಓಡಿದ.

ಹಕ್ಕಿ ಅಮೋಘವಾಗಿ ಹಾಡಿತು. ತೀರ್ಪುಗಾರರು ಪರಸ್ಪರ ನೋಡಿ ತಲೆದೂಗಿದರು. ಮೆಚ್ಚಿದ ಜನ ಉಸಿರೆತ್ತದೆ ನಿಂತರು. ಆ ನಿಶ್ಶಬ್ದವೇ ಮುಳುವಾಯಿತು.

‘ಕರ್ರ್... ಟಿಕ್!’

ಹಿರಿಯ ತೀರ್ಪುಗಾರ ಕೈಯೆತ್ತಿದ. “ನಿಲ್ಸಿ, ನಿಲ್ಸಿ! ಕಂಬದ ಮೇಲಿನ ಸ್ಪೀಕರ್ ಕೆಟ್ಟಿದೆ. ಮೊದ್ಲು ಅದನ್ನ ಸರಿಮಾಡಿ, ಆಮೇಲೆ ಸ್ಪರ್ಧೆ. ಗೊತ್ತಿರೋರು ಯಾರಾದ್ರೂ ಇದ್ದೀರಾ?”

ಬೆಳಗಿನ ಸೋಲನ್ನು ಮರೆಯದ ತುಗಿಯೋ ಗುಂಪಿನಲ್ಲಿ ತಲೆ ಮರೆಸಿಕೊಂಡು ಕೂಗಿದ: “ನಮ್ಮ ಪೈಮಿನ್ ಇದಾನಲ್ಲ ಸ್ವಾಮಿ! ಬೆಳಗ್ಗಿಂದ ಇದೇ ರೋಗಕ್ಕೆ ಔಷಧಿ ಮಾಡ್ತಿದಾನೆ!”

ನಿಜ ಹೇಳಿದರೆ ಹಕ್ಕಿ ಆಚೆಗೆ. ಪೈಮಿನ ಬಾಯಿ ಮುಚ್ಚಿಕೊಂಡು ಕಂಬ ಹತ್ತಿದ. ಕೆಡದ ಸ್ಪೀಕರಿನ ತಿರುಪು ಬಿಚ್ಚಿ, ಮತ್ತೆ ಬಿಗಿದ.

“ಸರಿಹೋಯ್ತು!” ಎಂದು ಇಳಿಯತೊಡಗಿದ. ಕೆಳಗಿನ ಪಂಜರದಿಂದ ಉತ್ತರ ಬಂತು: ‘ಕರ್ರ್... ಟಿಕ್.’

“ಇಳೀಬೇಡಯ್ಯಾ, ಇನ್ನೂ ಇದೆ!” ಎಂದು ತೀರ್ಪುಗಾರ ಗದರಿದ.

ಹೊತ್ತು ಮುಳುಗುತ್ತಿತ್ತು. ಆರನೆಯ ಸಲ ತಿರುಪು ಬಿಚ್ಚುತ್ತಿದ್ದ ಪೈಮಿನನಿಗೆ ಕಂಬದ ತುದಿಯಿಂದ ಇಡೀ ಓಣಿ ಸ್ಪಷ್ಟವಾಗಿ ಕಾಣುತ್ತಿತ್ತು: ತನ್ನ ಮನೆಯ ಜಗಲಿ, ಜಗಲಿಯ ಮೇಲೆ ಸುಲಸ್ತ್ರಿ, ಮತ್ತು ಹೊಲಿಗೆ ಮಷೀನನ್ನು ಹೊತ್ತು ಮೆಟ್ಟಿಲೇರುತ್ತಿದ್ದ ಅವಳ ಅಣ್ಣ.