ಡಾರ್ಲಾಳ ಓವನ್ನಿನಲ್ಲಿ ನನ್ನ ಹಿತ್ತಾಳೆ

"ಈ ಸಲದ ಎಲ್ಕ್ ಜಿಂಕೆ ಬೇಟೆಗೆ ನಾನು ತುಂಬಿಸೋ ತೋಟಾ ಇದೆಯಲ್ಲ, ಅದರ ಸಮ ಇಡೀ ಮೊಂಟಾನಾದಲ್ಲೇ ಇರಬಾರದು! ಈ ಕೈ ಏನು ಅಂತ ತೋರಿಸ್ತೀನಿ!" ಎಂದು ನಾನು ಅಡುಗೆಮನೆಯಲ್ಲಿ ಘೋಷಿಸಿದೆ.

"ಯಾವ ಕೈ? ಬಾಗಿಲ ಹಿಡಿಕೆ ರಿಪೇರಿ ಮಾಡ್ತೀನಿ ಅಂತ ಬಾಗಿಲನ್ನೇ ಕಿತ್ತಿಟ್ಟಿತಲ್ಲ, ಆ ಕೈನಾ?" ಎಂದಳು ಹೆಂಡತಿ ಡಾರ್ಲಾ.

ಅಪ್ಪನ ಕಾಲದ ನನ್ನ ರೈಫಲ್ಲಿಗೆ ಹೊಂದುವ ತೋಟಾ ಈಗ ಯಾವ ಅಂಗಡಿಯಲ್ಲೂ ಇಲ್ಲ. ಹಾರಿಸಿದ ತೋಟಾಗಳ ಹಿತ್ತಾಳೆ ಚಿಪ್ಪುಗಳನ್ನೇ ಜೋಪಾನ ಮಾಡಿ ಮತ್ತೆ ತುಂಬಿಸಬೇಕು. ಅವು ಹೋದರೆ ನನ್ನ ಬೇಟೆಯೂ ಹೋಯಿತು.

ಕಾದ ಬಣ್ಣ ಕಾಣಲೆಂದು ಗ್ಯಾರೇಜಿನ ದೀಪ ಆರಿಸಿ ಒಂದೊಂದೇ ಚಿಪ್ಪಿನ ಕತ್ತನ್ನು ಗ್ಯಾಸಿನ ಉರಿಗೆ ಹಿಡಿದೆ. ಮಂಕಾಗಿ ಕೆಂಪೇರುತ್ತಲೇ ನೀರಿಗೆ ಬಿಟ್ಟೆ. ಗುಂಡು ಕೂರುವ ಕತ್ತು ಸೀಳದಂತೆ ಮೆದುವಾಗಬೇಕು, ಬುಡ ಮಾತ್ರ ಗಟ್ಟಿಯಾಗಿಯೇ ಉಳಿಯಬೇಕು. ಬುಡ ಮೆದುವಾದರೆ ಗುಂಡು ಮುಂದಕ್ಕೆ, ಬೆಂಕಿ ನೇರ ನನ್ನ ಮುಖಕ್ಕೆ! ಆಮೇಲೆ ಪೇಪರ್ ಕ್ಲಿಪ್ಪಿನ ತುದಿ ಬಗ್ಗಿಸಿ ಒಳಗೋಡೆಯನ್ನೆಲ್ಲ ತಡವಿ, ಬಿರುಕಿನ ಸಣ್ಣ ಗೆರೆ ತಗುಲಿದ್ದನ್ನೂ ಕಸಕ್ಕೆ ಹಾಕಿದೆ. ಹಲ್ಲಿನ ಡಾಕ್ಟರು ಕೂಡ ಇಷ್ಟು ಮುತುವರ್ಜಿಯಿಂದ ಬಾಯೊಳಗೆ ಇಣುಕಲಾರರು.

ಇನ್ನು ಒದ್ದೆ ಆರಬೇಕು. ಬಲ್ಲವರು ಟವೆಲ್ಲಿನ ಮೇಲೆ ಹರಡಿ ಮರುದಿನದವರೆಗೆ ಕಾಯುತ್ತಾರೆ. ಕಾಯುವುದೇ? ನಾನೇ? ಡಾರ್ಲಾಳ ಬಿಸ್ಕತ್ತಿನ ತಟ್ಟೆಯಲ್ಲಿ ಚಿಪ್ಪುಗಳನ್ನು ಸಾಲಾಗಿ ನಿಲ್ಲಿಸಿದೆ. ಓವನ್ನನ್ನು ಒಂದಿಷ್ಟು ಬೆಚ್ಚಗೆ ಮಾಡಿ, ಆರಿಸಿ, ತಟ್ಟೆಯನ್ನು ಒಳಗಿಟ್ಟು ಗ್ಯಾರೇಜ್ ಗುಡಿಸಲು ಹೋದೆ. ಹೇಳಿದರೆ ಬೈಯುತ್ತಾಳೆಂದು ಹೇಳಲಿಲ್ಲ.

ಮರಳಿದಾಗ ಮನೆಯೆಲ್ಲ ಸುಟ್ಟ ವಾಸನೆ.

"ಏನಿದು?"

"ಓವನ್ ತನ್ನನ್ನ ತಾನೇ ಕ್ಲೀನ್ ಮಾಡ್ಕೋತಿದೆ. ನಾಳೆ ನಮ್ಮಕ್ಕ ಬರ್ತಾಳಲ್ಲ, ಅವಳು ಮೊದಲು ಇಣುಕೋದೇ ಅದರೊಳಗೆ."

ಒಳಗಿನ ಜಿಡ್ಡೆಲ್ಲ ಬೂದಿಯಾಗುವಷ್ಟು ಕಾಯುತ್ತದೆ ಅದು! ಮತ್ತೆ ತಣ್ಣಗಾಗುವವರೆಗೆ ಬಾಗಿಲಿಗೆ ತಾನೇ ಬೀಗ ಜಡಿದುಕೊಳ್ಳುತ್ತದೆ!

"ನಿಲ್ಸು ಡಾರ್ಲಾ! ಒಳಗೆ ನನ್ನ ಹಿತ್ತಾಳೆ ಇದೆ!"

"ನನ್ನ ಓವನ್ನಲ್ಲಿ ನಿನ್ನ ಹಿತ್ತಾಳೆಗೇನು ಕೆಲಸ?"

"ಒಣಗೋಕೆ ಇಟ್ಟಿದ್ದೆ! ಒಳಗೆ ನೋಡ್ದೆ ಹೇಗೆ ಶುರು ಮಾಡ್ದೆ ನೀನು?"

"ನಾನೇನಿಟ್ಟಿದೀನಿ ಅನ್ನೋದು ನನಗೆ ನೆನಪಿರುತ್ತೆ. ಗಂಡ ಏನಿಟ್ಟಿದಾನೆ ಅಂತ ಹುಡುಕೋ ಅಭ್ಯಾಸ ಇಲ್ಲ."

ನಿಲ್ಲಿಸುವ ಬಟನ್ ಒತ್ತಿದೆ. ಗೋಡೆಗೆ ಕಾಲು ಕೊಟ್ಟು ಹಿಡಿಕೆ ಜಗ್ಗಿದೆ. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಗಾಜಿನಾಚೆ ನನ್ನ ಬೇಟೆ ಬೇಯುತ್ತಿತ್ತು. ನಾನು ನೆಲದ ಮೇಲೆ ಕೂತು ನೋಡುತ್ತಿದ್ದೆ. ಅಳು ಬಂದಿತ್ತು, ಸುಳ್ಳೇಕೆ ಹೇಳಲಿ.

ಕೊನೆಗೂ ಬೀಗ ಬಿಟ್ಟಿತು. ಚಿಪ್ಪುಗಳೆಲ್ಲ ಬಣ್ಣ ಬಣ್ಣವಾಗಿ ನಿಂತಿದ್ದವು.

"ನೋಡು, ಒಂದಕ್ಕೂ ಏನೂ ಆಗಿಲ್ಲ! ಕತ್ತು ಇನ್ನಷ್ಟು ಮೆದುವಾಗಿರುತ್ತೆ, ಒಳ್ಳೇದೇ ಆಯ್ತು!" ಎಂದೆ.

ಡಾರ್ಲಾ ಇಕ್ಕಳ ತಂದು, ಒಂದು ಚಿಪ್ಪಿನ ಬುಡದ ಬಳಿ ಹಿಡಿದು ಅಮುಕಿದಳು. ಗಟ್ಟಿಯಾಗಿರಬೇಕಾದ ಜಾಗ ಬೆಂದ ಬೀನ್ಸಿನ ಹಾಗೆ ಒಳಗೆ ಹೋಯಿತು.

"ಇದನ್ನ ಮುಖದ ಹತ್ರ ಇಟ್ಕೊಂಡು ಹಾರಿಸ್ತೀಯಾ?"

"ಒಂದೇ ಒಂದು ಸಲ..."

"ವೆಂಡೆಲ್, ಅದೇನು ಅಂಥಾ ಚೆಂದದ ಮುಖ ಅಲ್ಲ. ಆದ್ರೂ ನನಗೆ ಅಭ್ಯಾಸ ಆಗೋಗಿದೆ."

ಯಾರೂ ಮರಳಿ ತುಂಬಿಸದಂತೆ ಒಂದೊಂದನ್ನೂ ನಾನೇ ಸುತ್ತಿಗೆಯಿಂದ ಜಜ್ಜಿ ಗುಜರಿ ಬಕೆಟ್ಟಿಗೆ ಹಾಕಿದೆ.

"ಹಾಗಾದ್ರೆ ಈ ವರ್ಷ ನಾನು ಬೇಟೆಗೆ ಬೆಟ್ಟಕ್ಕೆ ಬರೋ ಹಾಗೇ ಇಲ್ವಾ?" ಎಂದೆ, ಸಣ್ಣ ದನಿಯಲ್ಲಿ.

"ಛೇ, ಬರ್ಲೇಬೇಕು!" ಎಂದಳು ಡಾರ್ಲಾ, ತನ್ನ ರೈಫಲ್ ಒರೆಸುತ್ತ. "ಎಲ್ಕ್ ನಾನು ಹೊಡೀತೀನಿ. ಮಾಂಸ ಹೊತ್ತು ಇಳಿಸೋಕೆ ಹೇಸರಗತ್ತೆ ಹುಡುಕ್ತಾ ಇದ್ದೆ. ಈಗ ಬೇಕಾಗಿಲ್ಲ."